ಹಿತ್ತಲ ಗೋಡೆ

ಯಂತ್ರ ಎರಡನೇ ಸಲವೂ ಅಂಕಿ ತೋರಿಸಲಿಲ್ಲ. ಮಿತಿ ಮೀರಿದೆ ಎಂದಷ್ಟೇ ಹೇಳಿತು. ವಸೀಮಾಳ ಕೈಗೆ ಸೋಪು ಹಚ್ಚಿ ತೊಳೆಸಿ, ಒರೆಸಿ, ಬೇರೆ ಬೆರಳು ಚುಚ್ಚಿ ತೆಗೆದ ರಕ್ತ ಅದು.

ಹಳೇ ಬ್ಯಾಟರಿ ಒಡೆದು ಸೀಸ ಕರಗಿಸುವವರ ಮೈಯಲ್ಲಿ ಎಷ್ಟು ಸೀಸ ಸೇರಿದೆಯೆಂದು ಅಳೆಯಲು ಅಮರೇಶ್ವರಿ ಲಿಂಗಸುಗೂರಿನಿಂದ ಮಸ್ಕಿಗೆ ಬಂದಿದ್ದಳು. ದಿನವಿಡೀ ಆ ಹೊಗೆಯಲ್ಲೇ ಇರುವ ಜುಲ್ಫಿಕರನದು ಮೂವತ್ತೊಂದು ಬಂದಿತ್ತು; ಐದರೊಳಗಿರಬೇಕು. ಅವನ ಅಂಗಡಿಯ ಮೆಟ್ಟಿಲನ್ನೂ ಹತ್ತದ ಏಳು ತಿಂಗಳ ಬಸುರಿ ಹೆಂಡತಿ ವಸೀಮಾಳದು ಅಳತೆಗೇ ಸಿಗುತ್ತಿಲ್ಲ.

"ಮಷೀನ್ ಕೆಟ್ಟಿರಬೇಕ್ರಿ ಮೇಡಂ," ಎಂದ ಜುಲ್ಫಿಕರ್.

ಅಮರೇಶ್ವರಿ ತನ್ನ ಬೆರಳನ್ನೇ ಚುಚ್ಚಿಕೊಂಡಳು. ಮೂರು ನಿಮಿಷಕ್ಕೆ ಅಂಕಿ ಬಂತು. ನಾಲ್ಕು. ಯಂತ್ರ ಸರಿಯಾಗೇ ಇತ್ತು.

ಸೀಸ ಎಲ್ಲಿಂದ ಬರುತ್ತಿದೆಯೆಂದು ಹುಡುಕಲು ಅವರ ಜೊತೆಯಲ್ಲೇ ಮನೆಗೆ ಹೋದಳು. ಪಾತ್ರೆಗಳೆಲ್ಲ ಸ್ಟೀಲಿನವು. ಕಣ್ಣಿಗೆ ಸುರ್ಮಾ ಹಚ್ಚುವ ರೂಢಿ ಇಲ್ಲ. ಗಂಡನ ಕೆಲಸದ ಬಟ್ಟೆ ಮನೆಗೇ ಬರುವುದಿಲ್ಲ. ಹಿತ್ತಲಿಗೆ ಬಂದವಳು ಹಾಗೇ ನಿಂತಳು. ಮಣ್ಣಿನ ಗೋಡೆಯಲ್ಲಿ, ಕೂತವರ ಬಾಯಿಯ ಮಟ್ಟಕ್ಕೆ, ತಲೆ ಹಿಡಿಸುವಷ್ಟು ದೊಡ್ಡ ಗುಳಿ. ಅಂಚೆಲ್ಲ ನುಣುಪು. ಒಳಗೆ ಉಗುರಿನ ಗೀರು.

"ಹೆಗ್ಗಣ ಕೆರದಾವ್ರಿ," ಎಂದ ಜುಲ್ಫಿಕರ್. "ಅಂಗಡಿ ಹಾಕೂಕಿಂತ ಮೊದ್ಲ ಇಲ್ಲೇ ಸೀಸ ಕಾಸತಿದ್ದೆ. ಆವಾಗಿಂದ ಈ ಗೋಡಿ ಮೆತ್ತಗಾಗೇತಿ."

ವಸೀಮಾ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

"ಎಷ್ಟ್ ದಿನಾತು?" ಅಮರೇಶ್ವರಿ ಅವಳನ್ನು ಮೆಲ್ಲಗೆ ಕೇಳಿದಳು.

"ಮೂರನೇ ತಿಂಗಳಿಂದ್ರಿ ಅಕ್ಕಾ. ಬ್ಯಾರೆ ಮಣ್ಣೂ ತಿಂದು ನೋಡೀನಿ, ಸಪ್ಪಗ. ಇದು ಸಿಹಿ ಐತ್ರಿ." ದನಿ ಇನ್ನೂ ಇಳಿಯಿತು. "ತಿನ್ನಲಿಲ್ಲಂದ್ರ ಹೊಟ್ಟ್ಯಾಗಿಂದು ಮಲಗಾಕ ಬಿಡೂದಿಲ್ರಿ. ಒದೀತದ."

"ಆ ಸಿಹಿ ಸೀಸದ್ದು, ತಂಗಿ. ಕೂಸಿಗೂ ಇಳದಿರ್ತದ. ಈಗಿಂದೀಗ ಸಿಂಧನೂರಿಗೆ ಹೋಗೂಣು, ದವಾಖಾನಿಗೆ."

ಜುಲ್ಫಿಕರ್ ಆಟೊಗೆ ಫೋನು ಮಾಡಿದವನೇ ಹಾರೆ ಎತ್ತಿಕೊಂಡು ಗೋಡೆಯ ಮುಂದೆ ನಿಂತ. ಧೂಳು ಏಳಬಾರದು, ಮೊದಲು ನೆನೆಸು ಎಂದಳು ಅಮರೇಶ್ವರಿ. ಅವನು ಕೊಡಗಟ್ಟಲೆ ನೀರು ಸುರಿದ. ಬಿಸಿಲಿಗೆ ಕಾದಿದ್ದ ಗೋಡೆ ಚುರ್ರೆಂದು ನೀರು ಹೀರಿತು. ಹಸಿ ಮಣ್ಣಿನ ವಾಸನೆ ಹಿತ್ತಲೆಲ್ಲ ತುಂಬಿಕೊಂಡಿತು.

ಅಷ್ಟರಲ್ಲಿ ಆಟೊ ಬಂತು. ಅಮರೇಶ್ವರಿ ಕರೆದರೂ ವಸೀಮಾ ತಿರುಗಲಿಲ್ಲ. ಮೂಗಿನ ಹೊಳ್ಳೆಗಳು ಅರಳಿದ್ದವು. ಸೀರೆಯ ಕೆಳಗೆ ಹೊಟ್ಟೆ ನಿಧಾನಕ್ಕೆ ಒಂದು ಮಗ್ಗುಲಿಗೆ, ಗೋಡೆಯಿದ್ದ ಕಡೆಗೆ, ಉಬ್ಬಿತು. ಅವಳು ತಡಕಾಡಿ ಅಮರೇಶ್ವರಿಯ ಮಣಿಕಟ್ಟು ಹಿಡಿದುಕೊಂಡಳು.

"ಅಕ್ಕಾ, ನನ್ನ ಗಟ್ಟ್ಯಾಗಿ ಹಿಡಕೋರಿ."