ಮೂರನೆಯ ದಿಣ್ಣೆಯ ಬಳೆ

ಗುಂಡಿಯಿಂದ ತೆಗೆದ ಬಳೆಚೂರುಗಳನ್ನು ಶಿವಯ್ಯ ಕಾಗದದ ಮೇಲೆ ಹರಡಿ, "ಇವು ಯಾವ ಕಾಲದ್ದು ಹೇಳಮ್ಮ" ಎಂದಾಗ ಸುಲ್ತಾನ್ ಬೀ ಎಲೆಯಡಿಕೆ ಅಗಿಯುವುದನ್ನು ನಿಲ್ಲಿಸಿದಳು.

ಶಿವಯ್ಯ ಬೆಂಗಳೂರಿನಿಂದ ಬಂದ ಭೂಗರ್ಭ ಇಲಾಖೆಯ ಮನುಷ್ಯ. ಕಿರುಗಾವಲಿಗೆ ಎರಡು ಹರದಾರಿ ದೂರದ ಈ ಕೆರೆಯ ಏರಿ ಎತ್ತರಿಸುವ ಮುಂಚೆ, ಹಿಂದಿನ ಕಾಲದಲ್ಲಿ ನೀರು ಎಲ್ಲೆಲ್ಲಿ ನಿಂತಿತ್ತೆಂದು ಗುರುತು ಹಾಕುವುದು ಅವನ ಕೆಲಸ. ಕೆರೆ ತುಂಬಿದ ವರ್ಷ ಅಲೆ ಮರಳನ್ನು ದಡಕ್ಕೆ ತಳ್ಳಿ ದಿಣ್ಣೆ ಕಟ್ಟುತ್ತದೆ; ನೀರು ಹಿಂದೆ ಸರಿದರೂ ದಿಣ್ಣೆ ಅಲ್ಲೇ ಉಳಿಯುತ್ತದೆ. ಅಂಥವು ಮೂರು ಸಿಕ್ಕಿದ್ದವು, ಒಂದಕ್ಕಿಂತ ಒಂದು ಮೇಲೆ. ಯಾವುದಕ್ಕೆ ಎಷ್ಟು ವಯಸ್ಸು? ಊರವರನ್ನು ಕೇಳಿ ಸುಖವಿಲ್ಲ. 'ನನ್ನ ಹೊಲಕ್ಕೂ ನೀರು ಬಂದಿತ್ತು ಸ್ವಾಮಿ, ತಗೊಳ್ಳಿ' ಎನ್ನಲು ಅಲ್ಲಿ ಯಾರೂ ಧರ್ಮರಾಯನಲ್ಲ. ಆದರೆ ಕೆರೆ ತುಂಬಿದಾಗಲೆಲ್ಲ ಹೆಂಗಸರು ಗಂಗಮ್ಮನಿಗೆ ಬಾಗಿನ ಬಿಡುತ್ತಾರೆ. ಬಾಗಿನದ ಬಳೆ ಅಲೆಯ ಜೊತೆ ದಡಕ್ಕೆ ಬಂದು ಮರಳಲ್ಲಿ ಹೂತುಹೋಗುತ್ತದೆ. ಬಳೆಯ ವಯಸ್ಸೇ ದಿಣ್ಣೆಯ ವಯಸ್ಸು. ಅದಕ್ಕೇ ಮೂರು ತಲೆಮಾರಿನಿಂದ ಬಳೆ ತೊಡಿಸುವ ಮನೆಯ ಸುಲ್ತಾನ್ ಬೀಯನ್ನು ಕರೆಸಿದ್ದ.

ಕೆಳಗಿನ ಎರಡು ದಿಣ್ಣೆ ಅವಳಿಗೆ ನೀರು ಕುಡಿದಷ್ಟು ಸಲೀಸು. "ಇದು ಹಡಗಿನ ಮಾಲು ಸ್ವಾಮಿ. ಬರೋಕೆ ಸುರುವಾಗಿ ಇಪ್ಪತ್ತೈದು ವರ್ಸ ಆಗಿರ್ಬೋದು, ಯುದ್ದ ಬಂದ್ಮೇಲೆ ನಿಂತೋಯ್ತು." ಎರಡನೆಯದು ಅವಳ ಮಾವ ಹೆಗಲ ಮೇಲೆ ಹೊತ್ತು ಮಾರುತ್ತಿದ್ದ ಹಸಿರು ಗಾಜು, ನಲವತ್ತು ವರ್ಷದ್ದು. ಮೂರನೆಯ ದಿಣ್ಣೆಯ ತಳದಲ್ಲಿ ಸಿಕ್ಕ ದಪ್ಪ ಕರಿಬಳೆಯನ್ನು ಆ ಮಾವನ ಅಜ್ಜಿಯೂ ಕಂಡಿರಲಾರಳು. ಐವತ್ತು ವರ್ಷದೊಳಗೆ ನೀರು ನಿಂತ ನೆಲ ಮಾತ್ರ ಕೆರೆಗೆ ಸೇರುವುದೆಂದು ಸರ್ಕಾರದ ಅಪ್ಪಣೆ. ಅಲ್ಲಿಗೆ ಮೂರನೆಯ ದಿಣ್ಣೆಯಿದ್ದ ಯಶೋದಮ್ಮನ ಹೊಲ ಉಳಿಯಿತು ಎಂದುಕೊಳ್ಳುವಾಗಲೇ ಅದೇ ಗುಂಡಿಯಲ್ಲಿ, ಮೇಲಿಂದ ಒಂದು ಮೊಳ ಆಳದಲ್ಲಿ, ಈ ಕೆಂಪು ಚೂರುಗಳು ಬಂದವು.

"ಇದೂ ಹಡಗಿನ ಮಾಲೇ ಅಲ್ಲವೇ? ಹಾಗಾದರೆ ಈಚೆಗೂ ನೀರು ಇಲ್ಲಿಯವರೆಗೆ ಬಂದಿದೆ" ಎಂದ ಶಿವಯ್ಯ.

ಮುಖ ಮರೆತರೂ ಕೈ ಮರೆಯುವವಳಲ್ಲ ಸುಲ್ತಾನ್ ಬೀ. ಕೆಂಪಿನ ಮೇಲೆ ಹಳದಿ ಗೆರೆಯ ಆ ಬಳೆ ಅವಳ ಬುಟ್ಟಿಗೆ ಬಂದದ್ದು ಒಂದೇ ಡಜನ್. ನಾಲ್ಕು ವರ್ಷದ ಹಿಂದೆ ತಿಮ್ಮಯ್ಯ ದಂಡಿಗೆ ಸೇರಿ ಬರ್ಮಾ ಕಡೆ ಹೊರಟ ವಾರ, ಅವನ ಹೆಂಡತಿ ಯಶೋದಮ್ಮನ ಎರಡು ಕೈಗೂ ಇವಳೇ ತೊಡಿಸಿದ್ದಳು. ಹೋದ ವರ್ಷ ಯಶೋದಮ್ಮ ಬರಿಗೈಯಲ್ಲಿ ಬಂದು, ರಾಗಿ ಬೀಸುವಾಗ ಒಡೆದವೆಂದು ಹೇಳಿ ಹೊಸ ಬಳೆ ತೊಡಿಸಿಕೊಂಡು ಹೋಗಿದ್ದಳು. ರಾಗಿ ಬೀಸುವಾಗ ಒಂದು ಒಡೆಯುತ್ತದೆ, ಎರಡು ಒಡೆಯುತ್ತವೆ. ಹನ್ನೆರಡಕ್ಕೆ ಹನ್ನೆರಡೂ ಒಡೆಯುವುದುಂಟೆ? ಯಾವ ಕಾಗದ ಬಂತೋ, ಯಾರು ಬಂದು ಹೇಳಿದರೋ. ಯುದ್ಧ ಮುಗಿದು ಎಷ್ಟೋ ಮಂದಿ ಊರಿಗೆ ಬಂದರೂ ತಿಮ್ಮಯ್ಯ ಬಂದಿರಲಿಲ್ಲ.

"ಯಾರ್ ಬಳೆ ಬಳೆಗಾರಮ್ಮ ಅದು?" ಎಂದು ಬಗ್ಗಿದವನು ತಿಮ್ಮಯ್ಯನ ಅಣ್ಣ ಮುದ್ದಯ್ಯ. ತಮ್ಮ ಬದುಕಿರೋಗಂಟ ಹೊಲದ ತಂಟೆಗೆ ಬರೋದಿಲ್ಲ ಎಂದು ಊರ ಮುಂದೆ ಹೇಳಿದ ದೊಡ್ಡ ಮನುಷ್ಯ. ಯಶೋದಮ್ಮ ಅವನ ಹಿಂದೆಯೇ ನಿಂತಿದ್ದಳು. ನಿಜ ಹೇಳಿದರೆ ಹೊಲ ಭಾವನ ಪಾಲು, ಸುಮ್ಮನಿದ್ದರೆ ಕೆರೆಯ ಪಾಲು.

"ನಂದೇ" ಎಂದಳು ಸುಲ್ತಾನ್ ಬೀ. "ಹೋದ್ವರ್ಸ ಈ ದಿಣ್ಣೆ ಮೇಲೆ ಕಾಲು ಜಾರಿ ಬುಟ್ಟಿ ಬಿದ್ದೋಯ್ತು ಸ್ವಾಮಿ."

"ಬಿದ್ದದ್ದು ಒಂದು ಮೊಳ ಆಳಕ್ಕೆ ಹೇಗೆ ಹೋಯಿತು?"

"ನಾನೇ ಹೂತಿದ್ದು. ಒಡೆದ ಬಳೆ ಮುತ್ತೈದೇರ ಕಣ್ಣಿಗೆ ಬೀಳಬಾರ್ದು. ದಾರೀಲಿ ಬುಟ್ಟು ಹೋದ್ರೆ ನಾಳೆ ಯಾರು ನನ್ ಕೈಲಿ ಬಳೆ ತೊಡಿಸ್ಕೋತಾರೆ? ನಮ್ ಕಸುಬಲ್ಲಿ ಎಲ್ರೂ ಹೂಳೋದೇ."

ಮುದ್ದಯ್ಯ ತಲೆದೂಗಿದ. ಅವನ ಮನೆಯ ಹೆಂಗಸರೂ ಅದನ್ನೇ ಹೇಳುತ್ತಿದ್ದರು. ಶಿವಯ್ಯ ಮಾತ್ರ ಚೂರುಗಳನ್ನು ಒಂದೊಂದಾಗಿ ಕಾಗದದ ಮೇಲೆ ಬಾಗಿಗೆ ಬಾಗು ಕೂಡಿಸುತ್ತ ಹೋದ. ಒಂದು ವೃತ್ತವಾಯಿತು. ಅದರ ಮೇಲೇ ಇನ್ನೊಂದು ಕೂತಿತು, ಮತ್ತೊಂದೂ ಕೂತಿತು.

"ಎಲ್ಲ ಒಂದೇ ಕೈಯ ಅಳತೆ. ನಿನ್ನ ಬುಟ್ಟಿಯಲ್ಲಿ ಬೇರೆ ಅಳತೆ ಇರಲಿಲ್ಲವೇನಮ್ಮ?"

ಹನ್ನೆರಡು ಹಳ್ಳಿಯಲ್ಲಿ ಮಾತಿಗೆ ಸೋಲದ ಸುಲ್ತಾನ್ ಬೀ ಬಗ್ಗಿ ಬುಟ್ಟಿಯ ಹಗ್ಗ ಬಿಗಿಯತೊಡಗಿದಳು. ಯಶೋದಮ್ಮನ ಎರಡು ಕೈಯೂ ಮೆಲ್ಲಗೆ ಸೆರಗಿನೊಳಗೆ ಸರಿದವು. ಶಿವಯ್ಯ ತಲೆಯೆತ್ತಿ ಅದನ್ನು ನೋಡಿದ. ಮುದ್ದಯ್ಯನನ್ನೂ ನೋಡಿದ. ಆಮೇಲೆ ಚೂರುಗಳನ್ನು ಕಲಸಿ ಕಾಗದ ಮಡಿಸಿದ.

"ಮೂರನೆಯ ದಿಣ್ಣೆ ನೂರು ವರ್ಷಕ್ಕೂ ಹಿಂದಿನದು" ಎಂದು ಬಾಯಲ್ಲಿ ಹೇಳುತ್ತಲೇ ಬರೆದ. "ಮೇಲಿನ ಬಳೆ ಬುಟ್ಟಿಯಿಂದ ಬಿದ್ದದ್ದು."

ಅವನು ಸಾಮಾನು ಕಟ್ಟಿಸಿಕೊಂಡು ಏರಿಯ ಕಡೆ ನಡೆದ. ಹೊಲ ಉಳಿಯಿತೆಂದು ಮುದ್ದಯ್ಯ ಬದುವಿನ ಮೇಲೆ ಕೂತು ಬೀಡಿ ಹಚ್ಚಿದ. ಯಶೋದಮ್ಮ ಬುಟ್ಟಿ ಹೊರಿಸುವ ನೆವದಲ್ಲಿ ಹತ್ತಿರ ಬಂದಳು. ಕಣ್ಣು ತುಂಬಿತ್ತು.

"ಸುಲ್ತಾನಕ್ಕ..."

"ಇಲ್ಲಲ್ಲ ಕಣವ್ವ ಅಳೋದು, ನಿಮ್ ಭಾವ ನೋಡ್ತಾವ್ನೆ" ಎಂದಳು ಸುಲ್ತಾನ್ ಬೀ, ಸಿಂಬಿ ಸರಿಮಾಡಿಕೊಳ್ಳುತ್ತ. "ಮನೆಗೋಗಿ ಈರುಳ್ಳಿ ಹೆಚ್ಚು. ಇವತ್ತು ನಾಲ್ಕು ಜಾಸ್ತೀನೇ ಹೆಚ್ಚು."