ಕೊನೆಯ ಬೆಂಚಿನ ಆಣೆ

ಕೊನೆಯ ಬೆಂಚಿನ ನಾಗವೇಣಿ ಗಣಿತದಲ್ಲಿ ಹತ್ತು ಅಂಕ ದಾಟಿದ್ದೇ ಇಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಅವಳೊಬ್ಬಳೇ ಹಿಂದೆ ಉಳಿಯಬಾರದೆಂದು, ಅದೇ ಕೊನೆಯ ಬೆಂಚಿನ ಚೇತನ್ ಮತ್ತು ಇರ್ಫಾನ್, ಗಣಿತದ ಉತ್ತರಪತ್ರಿಕೆಯನ್ನು ಖಾಲಿ ಕೊಡುವುದೆಂದು ಗುಟ್ಟಾಗಿ ಆಣೆ ಹಾಕಿಕೊಂಡಿದ್ದರು.

ಫಲಿತಾಂಶ ಬಂತು. ಹುಡುಗರಿಬ್ಬರೂ ಗಣಿತದಲ್ಲಿ ಫೇಲು.

"ಹೆದರ್ಬೇಡ ಕಣೇ, ಮೂರೂ ಜನ ಒಟ್ಟಿಗೆ ಮತ್ತೆ ಬರಿಯೋಣ," ಎಂದ ಚೇತನ್. "ನಿಂದೆಷ್ಟು ಬಂತು?"

"ಎಪ್ಪತ್ತೆರಡು," ಎಂದು ನಾಗವೇಣಿ ಅಳತೊಡಗಿದಳು. "ನೀವು ನನ್ನ ಬಿಟ್ಟು ಮುಂದೆ ಹೋಗ್ತೀರ ಅಂತ ಹೆದರಿ, ಕದ್ದು ಟ್ಯೂಷನ್‌ಗೆ ಹೋಗಿದ್ದೆ ಕಣ್ರೋ."

ಚೇತನ್‌ಗೆ ರೇಗಿತು. "ನಿನಗೋಸ್ಕರ ನಾವು ಖಾಲಿ ಪೇಪರ್ ಕೊಟ್ವಲ್ಲೇ. ಸ್ನೇಹ ಅಂದ್ರೇನು ಅಂತ ಈ ಇರ್ಫಾನ್‌ನ ನೋಡಿ ಕಲ್ತ್ಕೋ."

ಇರ್ಫಾನ್ ನೆಲ ನೋಡುತ್ತ ಗೊಣಗಿದ:

"ನಾನು ಎಲ್ಲಾ ಪ್ರಶ್ನೆಗೂ ಬರ್ದಿದ್ದೆ ಕಣೋ. ಅಡಿಷನಲ್ ಶೀಟೂ ತಗೊಂಡಿದ್ದೆ."