ಅಪ್ಪನನ್ನು ಕರೆದ ಮಧ್ಯಾಹ್ನ

ಮಧ್ಯಾಹ್ನ ಒಂದು ಹತ್ತಕ್ಕೆ ಬೋಳಾರದ ಅಕ್ಕಿ ಗೋದಾಮಿನ ಬಾಗಿಲಲ್ಲಿ ನಿಂತು ನಾನು, “ಅಪ್ಪಾ, ಊಟ!” ಎಂದು ಕೂಗಿದೆ. ತಲೆಯ ಮೇಲೆ ಮೂಟೆ ಹೊತ್ತಿದ್ದ ಅಪ್ಪ ನನ್ನತ್ತ ತಿರುಗಿದವರೇ ಎಡವಿ ಬಿದ್ದರು. ಮೂಟೆ ಅವರ ಸೊಂಟದ ಮೇಲೆ ಬಿತ್ತು. ಗೋಣಿಯ ವಾಸನೆ ಬಂದರೆ ಇಂದಿಗೂ ನನಗೆ ಆ ಸದ್ದು ಕೇಳಿಸುತ್ತದೆ.

ಆಮೇಲೆ ನಾನು ಅವರನ್ನು ಕರೆಯುವುದನ್ನೇ ಬಿಟ್ಟೆ. ರಾತ್ರಿ ಬೆಚ್ಚಿ ಏಳುತ್ತಿದ್ದೆ.

“ನೀನು ಕರೆದದ್ದಕ್ಕೆ ಬಿದ್ದದ್ದಲ್ಲ ಮಾರಾಯ್ತಿ, ಕಾಲಿಗೆ ಗೋಣಿಯ ದಾರ ಸಿಕ್ಕಿದ್ದು,” ಎಂದು ಅಪ್ಪ ಮಲಗಿದಲ್ಲಿಂದಲೇ ಹೇಳುತ್ತಿದ್ದರು. ಆ ದಾರವನ್ನು ನಾನು ಕಂಡಿರಲಿಲ್ಲ.

ತಿಂಗಳ ಬಳಿಕ ಒಂದು ಸಂಜೆ ಅವರು ತಲೆಯ ಮೇಲೆ ದಿಂಬು ಹೊತ್ತು ಜಗಲಿಯಲ್ಲಿ ನಡೆದರು. “ನಿಮಗೆಂತ ಮರ್ಲಾ, ತಲೆ ಕೆಟ್ಟಿದಾ?” ಎಂದು ಅಮ್ಮ ಬೈದಳು.

“ಈಗ ಕರಿ ನೋಡುವ,” ಎಂದರು ನನಗೆ. “ಎಂತ, ಬಾಯಿ ಇಲ್ವಾ?”

“ಅಪ್ಪಾ,” ಎಂದೆ ಮೆಲ್ಲಗೆ. ಅವರು ತಿರುಗಿ ನಿಂತು ನಕ್ಕರು; ದಿಂಬು ಮಾತ್ರ ಬಿತ್ತು. ಅಂದು ನಾನು ಬೆಳಗಿನವರೆಗೂ ನಿದ್ದೆ ಮಾಡಿದೆ.